ಟ್ರ್ಯಾಕ್ಟರ್ ಬಂದರೆ ಸಾಲದು

ಸಾಂಗಲಿಯ ಅರಿಸಿನ ಪೇಟೆ ಹೆಸರಾದದ್ದು. ಪಕ್ಕದ ಹರಿಪುರದಲ್ಲಿ, ಕೃಷ್ಣಾ-ವಾರಣಾ ಸಂಗಮದ ಊರಿನಲ್ಲಿ, ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಕೂಡಿಡುವ ರೂಢಿ ಬೆಳೆಯಿತು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಹುಳು ಸಾಯುತ್ತದೆ. ಅವಸರದಿಂದ ಇಳಿದ ಮನುಷ್ಯನೂ ಸಾಯಬಹುದು. ಆದುದರಿಂದ ಬಾಯಿ ತೆರೆದು ಗಾಳಿಯಾಡಿಸದೆ ಯಾರೂ ಇಳಿಯಬಾರದು. 2005ರ ಮಹಾಪೂರದಲ್ಲಿ ಅಲ್ಲಿನ ಹಗೇವುಗಳಿಗೆ ಬಹಳ ಹಾನಿಯಾಯಿತು. ಈಗ ಅರಿಸಿನ, ಒಣದ್ರಾಕ್ಷಿಗಳಿಗೆ ಗೋದಾಮು, ಶೈತ್ಯಾಗಾರಗಳಿವೆ. ದೊಡ್ಡ ಗೋದಾಮುಗಳಲ್ಲಿ ಹಮಾಲರ ಬೆನ್ನಿನ ಭಾರವನ್ನು ಫೋರ್ಕ್‌ಲಿಫ್ಟ್ ಹೊರುತ್ತದೆ.

ನಮ್ಮ ಮನೆಯ ಹುಡುಗರಿಗೆ ಈ ಕೆಲಸ ಸಿಕ್ಕಾಗ "ಟ್ರ್ಯಾಕ್ಟರ್ ಬರುತ್ತದಲ್ಲ, ಸಾಕು" ಎನ್ನುತ್ತೇವೆ. ಸಾಲದು. ಏಕೆಂದರೆ:

1. ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿ ತಿರುಗುತ್ತದೆ; ಫೋರ್ಕ್‌ಲಿಫ್ಟಿನಲ್ಲಿ ಹಿಂದಿನದು. ತಿರುಗಿಸಿದಾಗ ಅದರ ಹಿಂಭಾಗ ಹೊರಗೆ ಬೀಸಿ, ಪಕ್ಕದಲ್ಲಿ ನಿಂತವರನ್ನು ಗೋಡೆಗೆ ಒತ್ತಬಹುದು.

2. ಎತ್ತಿನ ಗಾಡಿಯ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ. ಹಾಗೆಯೇ ಇಲ್ಲಿ ಮುಂದೆ ಭಾರ ಹೆಚ್ಚಾದರೆ, ಅಥವಾ ಅದು ಕವಲುಗಳ ತುದಿಗೆ ಸರಿದರೆ, ಹಿಂದಿನ ಗಾಲಿಗಳು ಮೇಲೇಳುತ್ತವೆ. ಯಂತ್ರದ ಫಲಕದಲ್ಲಿ ಬರೆದ ತೂಕವನ್ನು ಮೀರಬಾರದು.

3. ಭಾರವನ್ನು ನೆಲದಿಂದ ಗೇಣಿನಷ್ಟೇ ಎತ್ತರದಲ್ಲಿಟ್ಟು ಸಾಗಬೇಕು. ಎತ್ತರಕ್ಕೆ ಏರಿಸಿ ತಿರುವಿದರೆ ಯಂತ್ರ ಮಗ್ಗುಲಿಗೆ ಉರುಳುತ್ತದೆ. ಇಳಿಜಾರಿನಲ್ಲಿ ಭಾರ ಯಾವಾಗಲೂ ಏರಿನ ಕಡೆಗಿರಲಿ. ಅಂದರೆ ಇಳಿಯುವಾಗ ಹಿಮ್ಮುಖವಾಗಿ ಬರಬೇಕು.

4. ಯಂತ್ರ ಉರುಳತೊಡಗಿದರೆ ಜಿಗಿಯಬಾರದು. ಜಿಗಿದವನ ಮೇಲೆಯೇ ಅದರ ಕಬ್ಬಿಣದ ಚಪ್ಪರ ಬೀಳುತ್ತದೆ. ಮೊದಲೇ ಬೆಲ್ಟ್ ಕಟ್ಟಿರಬೇಕು. ಸ್ಟಿಯರಿಂಗ್ ಬಿಗಿಹಿಡಿದು, ಕಾಲೂರಿ, ಉರುಳುವ ದಿಕ್ಕಿಗೆ ವಿರುದ್ಧವಾಗಿ ಬಾಗಬೇಕು.

5. ಕವಲುಗಳ ಮೇಲೆ ಮನುಷ್ಯರನ್ನು ನಿಲ್ಲಿಸಿ ಎತ್ತಬಾರದು. ಎತ್ತಿದ ಭಾರದ ಕೆಳಗೆ ಯಾರೂ ಹಾಯಬಾರದು.

6. ಹಗೇವಿನ ಪಾಠ ಇಲ್ಲಿಯೂ ಉಂಟು. ಮುಚ್ಚಿದ ಗೋದಾಮಿನಲ್ಲಿ ಡೀಸೆಲ್ ಯಂತ್ರ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದರೆ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯರನ್ನು ಕಾಣಬೇಕು. ಬ್ಯಾಟರಿ ಚಾರ್ಜ್ ಮಾಡುವಾಗ ಹೈಡ್ರೋಜನ್ ಹೊರಡುತ್ತದೆ. ಅಲ್ಲಿ ಬೀಡಿ, ಬೆಂಕಿಕಡ್ಡಿ ಸಲ್ಲದು.

ಕೆಲಸಕ್ಕೆ ಸೇರುವ ಮೊದಲು ನಾವು ಸಂಬಳವನ್ನಷ್ಟೇ ಕೇಳುತ್ತೇವೆ. ಇನ್ನು ಮೂರು ಮಾತು ಕೇಳೋಣ: ಕಲಿಸುವವರು ಯಾರು? ಎಷ್ಟು ದಿನ ಜೊತೆಗಿರುತ್ತಾರೆ? ಪ್ರತಿದಿನ ಬ್ರೇಕ್, ಹಾರ್ನ್, ಸರಪಳಿ ನೋಡುವವರು ಯಾರು? ಉತ್ತರ ಸಿಗುವ ತನಕ ಮಗ ಕೀಲಿಕೈ ಮುಟ್ಟದಿರಲಿ. ಒಂದು ವಾರದ ಕೂಲಿ ತಡವಾದರೆ ಮನೆ ತಡೆದುಕೊಳ್ಳುತ್ತದೆ.