ಗಾಳಿಗೆ ಹಾರುವ ಗೊಬ್ಬರ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಹಾವೇರಿ ಕಡೆಯ ಸದಸ್ಯರೊಬ್ಬರು ಕಳೆದ ಬೇಸಗೆಯಲ್ಲಿ ಸಂಬಳದಿಂದ ಉಳಿಸಿದ ಹಣವನ್ನು ಊರಿಗೆ ಕಳುಹಿಸಿದರು. ಅವರ ತಮ್ಮ ಆ ಹಣದಲ್ಲಿ ಒಂದು ಲಾರಿ ಕೋಳಿಗೊಬ್ಬರ ತರಿಸಿ, ಗೋವಿನಜೋಳದ ಹೊಲದ ತುಂಬ ಹರವಿ, ಹದಿನೈದು ದಿನ ಹಾಗೆಯೇ ಬಿಟ್ಟ. "ಅಣ್ಣಾ, ಈ ಗೊಬ್ಬರ ಭಾಳ ಉಷ್ಣ ಐತಿ, ಆರಲಿ ಅಂತ ಬಿಟ್ಟೀನಿ" ಎಂದು ಫೋನಿನಲ್ಲಿ ಹೇಳಿದನಂತೆ. ಗೊಬ್ಬರ ಆರಿತು, ನಾತವೂ ಹೋಯಿತು. ಆದರೆ ಬೆಳೆ ಮೊಳಕಾಲೆತ್ತರ ಬರುವಷ್ಟರಲ್ಲಿ ಹಳದಿಗೆ ತಿರುಗಿತು. ಯೂರಿಯಾ ತರಲು ಮತ್ತೆ ಹಣ ಬೇಕೆಂದು ಕರೆ ಬಂತು. "ಗೊಬ್ಬರದವನು ಮೋಸ ಮಾಡಿದನೇ?" ಎಂದು ಸದಸ್ಯರು ನಮ್ಮನ್ನು ಕೇಳಿದರು. ಮೋಸವೇ ಆಗಿರಬೇಕೆಂದಿಲ್ಲ. ನಾತ ಹೋಯಿತೆಂದರಲ್ಲ, ಅದರೊಡನೆಯೇ ಗೊಬ್ಬರದ ಸತ್ವವೂ ಹೋಗಿದೆ. ಅದು ಹೇಗೆಂಬುದನ್ನು ಈ ಸಲದ ಪಾಠದಲ್ಲಿ ನೋಡೋಣ.

ಗಿಡಕ್ಕೆ ಬೇಕಾದ ಆಹಾರಗಳಲ್ಲಿ ಸಾರಜನಕ ಮುಖ್ಯವಾದುದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಬೆಳೆ ಅದನ್ನು ನೇರವಾಗಿ ಉಣ್ಣಲಾರದು. ಅದನ್ನು ಹಿಡಿದು ಅಮೋನಿಯ ಮಾಡುವ ವಿದ್ಯೆಯನ್ನು ಜರ್ಮನಿಯ ಫ್ರಿಟ್ಸ್ ಹೇಬರನು 1909ರಲ್ಲಿ ತೋರಿಸಿಕೊಟ್ಟನು. ಕಾರ್ಲ್ ಬಾಷನ ಪ್ರಯತ್ನದಿಂದ 1913ರಲ್ಲಿ ಅದು ಕಾರ್ಖಾನೆಗೆ ಬಂತು. ನಾವಿರುವ ಮೂರು ಊರುಗಳ ಮಗ್ಗುಲಲ್ಲೂ ಈ ವಿದ್ಯೆಯ ಕಾರ್ಖಾನೆಗಳಿವೆ: ಅಹಮದಾಬಾದಿನ ಹತ್ತಿರದ ಕಲೋಲದಲ್ಲಿ ಇಫ್ಕೊ, ವಡೋದರದ ಫರ್ಟಿಲೈಸರ್‌ನಗರದಲ್ಲಿ ಗುಜರಾತ್ ಸ್ಟೇಟ್ ಫರ್ಟಿಲೈಸರ್ಸ್, ಸೂರತ್ತಿನ ಬಳಿ ಹಜೀರಾದಲ್ಲಿ ಕ್ರಿಭಕೊ. ಭಾರಿ ಒತ್ತಡ, 400 ಡಿಗ್ರಿಯ ಆಸುಪಾಸಿನ ಶಾಖ, ಲೆಕ್ಕವಿಲ್ಲದಷ್ಟು ಅನಿಲ ಇಂಧನ, ಇಷ್ಟೆಲ್ಲ ವೆಚ್ಚ ಮಾಡಿ ಅಲ್ಲಿ ಗಾಳಿಯಿಂದ ಕೆಳಗಿಳಿಸಿದ ವಸ್ತುವನ್ನೇ ನಾವು ಹೊಲದಲ್ಲಿ ಪುಕ್ಕಟೆಯಾಗಿ ಗಾಳಿಗೆ ಬಿಟ್ಟುಕೊಡುತ್ತೇವೆ.

ಆಕಳು ಎಮ್ಮೆಗಳ ಸಗಣಿ ಬೇರೆ, ಗಂಜಲ ಬೇರೆ. ಕೋಳಿಗೆ ಆ ಏರ್ಪಾಡಿಲ್ಲ; ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಪದಾರ್ಥವೇ ಅದರ ಮೂತ್ರ. ಅದರಲ್ಲಿ ಯೂರಿಕ್ ಆಮ್ಲವಿದೆ, ಅದರೊಳಗೆ ಸಾರಜನಕವಿದೆ. ಹೀಗಾಗಿ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಸಾರಜನಕವಿದ್ದರೆ ಕೋಳಿಗೊಬ್ಬರದಲ್ಲಿ ಸುಮಾರು 3 ಪಾಲು ಇರುತ್ತದೆ.

ಯೂರಿಕ್ ಆಮ್ಲ ತಾನಾಗಿ ಹಾರುವುದಿಲ್ಲ. ತೇವ ತಗುಲಿತೆಂದರೆ ಸೂಕ್ಷ್ಮಜೀವಿಗಳು ಅದನ್ನು ಮೊದಲು ಯೂರಿಯಾ ಮಾಡಿ, ಆಮೇಲೆ ಅಮೋನಿಯ ಮಾಡುತ್ತವೆ. ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ತರಿಸುವ ಘಾಟು ಇದರದೇ. ಹುಳಿ ಇರುವ ಕಡೆ ಅಮೋನಿಯ ಉಪ್ಪಿನ ರೂಪದಲ್ಲಿ ಅಡಗಿ ಕೂಡುತ್ತದೆ. ಕ್ಷಾರ ಸೇರಿದರೆ ಅನಿಲವಾಗಿ ಏಳುತ್ತದೆ. ಕಲಾಯಿ ಹಾಕುವವನ ಬಳಿ ಒಂದು ಚೂರು ನವಸಾಗರ ಪಡೆದು ಸ್ವಲ್ಪ ಸುಣ್ಣದೊಡನೆ ಅರೆದು ನೋಡಿ, ಕೂಡಲೇ ಅದೇ ಘಾಟು ಬರುತ್ತದೆ. (ಕಲಾಯಿಯವನು ಈಗ ಸಿಗುವುದೇ ಕಷ್ಟವೆಂಬುದು ಬೇರೆ ಮಾತು.) ಇದಕ್ಕೆ ಬಿಸಿಲು ಮತ್ತು ಬೀಸುಗಾಳಿ ಸೇರಿದರೆ ಹಾರಾಟ ಇನ್ನೂ ಜೋರು.

ತೆರೆದು ಬಿಟ್ಟ ಕೋಳಿಗೊಬ್ಬರದ ಸಾರಜನಕದಲ್ಲಿ ಅರ್ಧದಷ್ಟು 30 ದಿನದೊಳಗೆ ಹೋಗಬಹುದೆಂದು ಕೃಷಿ ಪಾಠಗಳು ಹೇಳುತ್ತವೆ. ಗುಮಾಸ್ತೆಗಿರಿ ಮಾಡುವ ನಮ್ಮವರಿಗೆ ಮುಂದಿನ ಲೆಕ್ಕ ಕಷ್ಟವಲ್ಲ. ಲಾರಿಯಲ್ಲಿ ಒಣಗೊಬ್ಬರ 10 ಟನ್ ಇತ್ತೆಂದುಕೊಳ್ಳಿ. ಸಾರಜನಕ 300 ಕಿಲೊ. ಅದರಲ್ಲಿ ಅರ್ಧ 150 ಕಿಲೊ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ 45 ಕಿಲೊ ಚೀಲದಲ್ಲಿ 20 ಕಿಲೊ 700 ಗ್ರಾಂ. ಏಳು ಚೀಲಕ್ಕೂ ಮಿಕ್ಕಿದ ಯೂರಿಯಾ ಗಾಳಿಯ ಪಾಲಾಯಿತು! ಆ ಯೂರಿಯಾವನ್ನೂ ಹೊಲದ ಮೇಲೆ ಎರಚಿ ಬಿಟ್ಟರೆ ಅದರ ಗತಿಯೂ ಬಹುಮಟ್ಟಿಗೆ ಇದೇ.

ಹರವಿದ ಗೊಬ್ಬರದಿಂದ ಅಮೋನಿಯ ಹೆಚ್ಚಾಗಿ ಹಾರುವುದು ಮೊದಲ ಒಂದೆರಡು ದಿನಗಳಲ್ಲಿ. ಆದುದರಿಂದ ಹದಿನೈದು ದಿನ ಬಿಟ್ಟು ರೆಂಟೆ ಹೊಡೆದರೆ ಫಲವಿಲ್ಲ. ಬೆಳಿಗ್ಗೆ ಹರವಿದ್ದನ್ನು ಸಂಜೆಯೊಳಗೆ ಮಣ್ಣಿನಲ್ಲಿ ಕೂಡಿಸಬೇಕು. ಮಣ್ಣಿನೊಳಗೆ ಸೇರಿದ ಅಮೋನಿಯವನ್ನು ಜೇಡಿಯ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ. ಇಂಗ್ಲೆಂಡಿನ ಕೆಲವು ಪ್ರದೇಶಗಳಲ್ಲಿ, ಬರಿ ನೆಲಕ್ಕೆ ಹಾಕಿದ ಕೋಳಿಗೊಬ್ಬರವನ್ನು 24 ಗಂಟೆಯೊಳಗೆ ಮಣ್ಣಿಗೆ ಸೇರಿಸತಕ್ಕದ್ದೆಂದು ಕಾನೂನೇ ಇದೆ. ನಮ್ಮ ಕಡೆಯ ಎರೆಹೊಲಗಳಲ್ಲಿ ಸುಣ್ಣದ ಹರಳು ಸಾಮಾನ್ಯ. ಅಂಥ ಕ್ಷಾರದ ಮಣ್ಣಿನ ಮೇಲೆ ಗೊಬ್ಬರ ಬಿದ್ದುಕೊಂಡಿದ್ದರೆ ನಷ್ಟ ಇನ್ನೂ ಹೆಚ್ಚು. ತಿಪ್ಪೆಗೆ ಒಲೆಯ ಬೂದಿ ಚೆಲ್ಲುವ ರೂಢಿಯೂ ಹಾಗೆಯೇ: ಬೂದಿ ಕ್ಷಾರ, ಅದು ಅಮೋನಿಯವನ್ನು ಎಬ್ಬಿಸಿ ಕಳುಹಿಸುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜ. ಅದನ್ನು ಬೇರೆಯಾಗಿಯೇ ಹೊಲಕ್ಕೆ ಹಾಕಲಿ.

ಹಾಗಾದರೆ ತಮ್ಮನ ಮಾತು ಸುಳ್ಳೇ? ಸುಳ್ಳಲ್ಲ. ಹಸಿಯ ಕೋಳಿಗೊಬ್ಬರ ಬೀಜದ ಮಗ್ಗುಲಲ್ಲಿ ಬಿದ್ದರೆ ಎಳೆಯ ಬೇರು ಸುಡುತ್ತದೆ. ಸುಡುವುದೂ ಮುಖ್ಯವಾಗಿ ಆ ಅಮೋನಿಯವೇ. ರೈತರು ಉಷ್ಣವೆನ್ನುವುದು ಇದನ್ನೇ. ಆದರೆ ಆರಿಸಬೇಕಾದದ್ದು ಬಿಸಿಲಿನಲ್ಲಲ್ಲ. ಗುಡ್ಡೆ ಮಾಡಿ, ನಡುನಡುವೆ ಗೋವಿನಜೋಳದ ರವದಿಯನ್ನೋ ಒಣ ಎಲೆಯನ್ನೋ ಪದರಪದರವಾಗಿ ಸೇರಿಸಿ, ಒತ್ತಿ, ಮೇಲೆ ಮಣ್ಣು ಇಲ್ಲವೇ ತಾಡಪತ್ರಿ ಮುಚ್ಚಿಟ್ಟರೆ ಹುಲ್ಲನ್ನು ತಿನ್ನುವ ಸೂಕ್ಷ್ಮಜೀವಿಗಳು ಸಾರಜನಕದ ಒಂದು ಭಾಗವನ್ನು ತಮ್ಮ ಮೈಗೆ ಸೇರಿಸಿಕೊಂಡು ಉಳಿಸುತ್ತವೆ. ಗುಡ್ಡೆಗೆ ಸೂಪರ್ ಫಾಸ್ಫೇಟ್ ಚಿಮುಕಿಸಿದರೂ ಅಮೋನಿಯ ಅಷ್ಟರಮಟ್ಟಿಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹೊಲಕ್ಕೆ ಸಾಗಿಸಿ ಅಂದೇ ಹೂಡಬೇಕು.

ಹಾರಿದ ಅಮೋನಿಯ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಮಳೆಯೊಡನೆ ಯಾರದೋ ಹೊಲಕ್ಕೆ ಬೀಳುತ್ತದೆ. ಸ್ವಲ್ಪ, ಗಾಡಿ ಕಾರ್ಖಾನೆಗಳ ಹೊಗೆಯ ಆಮ್ಲಗಳೊಡನೆ ಕೂಡಿ ಅತಿ ಸಣ್ಣ ಧೂಳಾಗಿ ನಮ್ಮಂಥ ಪಟ್ಟಣವಾಸಿಗಳ ಎದೆಗೂಡನ್ನು ಸೇರುತ್ತದೆ.

ಬೆಳೆ ಹಳದಿಯಾಗಲು ನೀರು ನಿಂತದ್ದು ಮೊದಲಾದ ಬೇರೆ ಕಾರಣಗಳೂ ಇರುವುದರಿಂದ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ನಮ್ಮ ಸದಸ್ಯರಿಗೆ ಹೇಳಿದೆವು. ಇಷ್ಟನ್ನೆಲ್ಲ ಅವರು ತಮ್ಮನಿಗೆ ಫೋನಿನಲ್ಲಿ ವಿವರಿಸಿದರಂತೆ. "ಖರೆ ಅಣ್ಣಾ, ಆದ್ರ ಗೊಬ್ಬರದ ಲಾರಿ ಬಂದ ದಿನಾನೇ ಟ್ರ್ಯಾಕ್ಟರ್ ಸಿಗಬೇಕಲ್ಲ?" ಎಂದನಂತೆ ಅವನು. ಬರುವ ಬೇಸಗೆಗೆ ಮೊದಲು ಟ್ರ್ಯಾಕ್ಟರಿನವನ ದಿನ ಗೊತ್ತು ಮಾಡಿಕೊಂಡು ಆಮೇಲೆ ಲಾರಿಗೆ ಹೇಳುವುದೆಂದೂ, ಅಕಸ್ಮಾತ್ ತಪ್ಪಿದರೆ ಗೊಬ್ಬರ ಹರವದೆ ಮುಚ್ಚಿಡಲು ಒಂದು ದೊಡ್ಡ ತಾಡಪತ್ರಿಯನ್ನು ಇಲ್ಲಿಂದಲೇ ಒಯ್ಯುವುದೆಂದೂ ಅಣ್ಣತಮ್ಮಂದಿರು ನಿಶ್ಚಯಿಸಿಕೊಂಡಿದ್ದಾರೆ.