ಮೊದಲ ಮನೆ: ಸಂಸಾರ ತಾಳುವ ಬೆಲೆ ಎಷ್ಟು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ್ದು ಸ್ವಂತ ಜಾಗ, ಪರಿಚಯದ ಮೇಸ್ತ್ರಿ, ಕೈಗೆ ಹಣ ಬಂದಾಗ ಒಂದೊಂದು ಗೋಡೆ ಎಬ್ಬಿಸುವ ಅನುಕೂಲವಿದ್ದ ಊರಿನಲ್ಲಿ. ಪುಣೆಯಂತಹ ಮಹಾನಗರದಲ್ಲಿ ನೌಕರಿಯವರು ಮನೆ ಕಟ್ಟುವುದಿಲ್ಲ, ಕಟ್ಟಿದ್ದನ್ನು ಕೊಳ್ಳುತ್ತಾರೆ. ಅದೂ ಮುಂದಿನ ಇಪ್ಪತ್ತು ವರ್ಷಗಳ ಸಂಬಳವನ್ನು ಇಂದೇ ಒತ್ತೆಯಿಟ್ಟು ಕೊಳ್ಳುತ್ತಾರೆ. ಹಿಂದೆ ಮಧ್ಯಮ ವರ್ಗದವರಿಗೆ ಸ್ವಂತ ಮನೆಯೆಂದರೆ ಬಹುಮಟ್ಟಿಗೆ ನಿವೃತ್ತಿಯ ಹೊತ್ತಿಗೆ ಭವಿಷ್ಯನಿಧಿಯ ಹಣ ಕೈಸೇರಿದ ಮೇಲಿನ ಮಾತಾಗಿತ್ತು. 1977ರಲ್ಲಿ ಎಚ್.ಡಿ.ಎಫ್.ಸಿ. ಸಂಸ್ಥೆ ಸ್ಥಾಪನೆಯಾಗಿ, ಮುಂದೆ ಬ್ಯಾಂಕುಗಳೂ ಗೃಹಸಾಲದ ಕ್ಷೇತ್ರಕ್ಕೆ ಇಳಿದ ಮೇಲೆ ಮನೆಯು ನೌಕರಿಯ ಕೊನೆಯಿಂದ ಆರಂಭದ ಕಡೆಗೆ ಸರಿಯಿತು. ಇದು ಒಳ್ಳೆಯದೇ. ಆದರೆ ಕೂಡಿಟ್ಟ ಹಣದಿಂದ ಕೊಳ್ಳುವವನಿಗೆ ಹಣವೇ ಮಿತಿಯನ್ನು ಹೇಳುತ್ತಿತ್ತು. ಬರಲಿರುವ ಹಣದಿಂದ ಕೊಳ್ಳುವವನು ಆ ಮಿತಿಯನ್ನು ತಾನೇ ಕಂಡುಕೊಳ್ಳಬೇಕು.

ಬಿಬವೇವಾಡಿಯಲ್ಲಿ ಬಾಡಿಗೆಗಿರುವ ಅನೇಕ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ದಿನನಿತ್ಯದ್ದು. ಮಾರ್ಕೆಟ್ ಯಾರ್ಡ್ ಹತ್ತಿರ; ಊರಿನ ಬಸ್ಸು ಹಿಡಿಯಲು ಸ್ವಾರ್‌ಗೇಟ್ ದೂರವಲ್ಲ; ಮಕ್ಕಳ ಶಾಲೆ ಇಲ್ಲಿಯೇ. ಇಲ್ಲಿಯೇ ಒಂದು ಮನೆಯಾದರೆ ಎಂಬ ಆಸೆ ಸಹಜ. ಆಸೆಯ ಹಿಂದೆಯೇ ಕೇಳಿಬರುವ ಮಾತು: ‘ಬ್ಯಾಂಕಿನವರು ಎಷ್ಟು ಸಾಲ ಕೊಡುತ್ತಾರೆ?’ ಕೇಳಬೇಕಾದದ್ದು ಇದಲ್ಲ. ‘ನಮ್ಮ ಸಂಸಾರ ಎಷ್ಟು ಕಂತನ್ನು ತಾಳುತ್ತದೆ?’ ಎಂಬುದೇ ಸರಿಯಾದ ಪ್ರಶ್ನೆ. ಈ ಎರಡರ ಉತ್ತರಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಬ್ಯಾಂಕಿನ ಲೆಕ್ಕ

ವಿಜಯಪುರ ಜಿಲ್ಲೆಯಿಂದ ಬಂದು ನೆಲೆಸಿದ ಒಂದು ಕುಟುಂಬವಿದೆಯೆಂದು ಭಾವಿಸೋಣ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಕಡಿತಗಳೆಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು 1,00,000 ರೂಪಾಯಿ. ಈಗಿನ ಬಾಡಿಗೆ 18,000. ಸ್ಕೂಟರಿನ ಸಾಲದ ಕಂತು 3,000. ಇದುವರೆಗಿನ ಉಳಿತಾಯ 18 ಲಕ್ಷ.

ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಆದಾಯದ ಅರ್ಧವನ್ನು ಮೀರಬಾರದೆಂದು ಬ್ಯಾಂಕು ಲೆಕ್ಕ ಹಾಕಿತೆನ್ನೋಣ. 50,000ದಲ್ಲಿ ಸ್ಕೂಟರಿನ 3,000 ಕಳೆದರೆ 47,000. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ಪ್ರತಿ ಒಂದು ಲಕ್ಷ ಸಾಲಕ್ಕೆ ಮಾಸಿಕ ಕಂತು ಸುಮಾರು 900 ರೂಪಾಯಿ. 47,000ವನ್ನು 900ರಿಂದ ಭಾಗಿಸಿದರೆ 52 ಲಕ್ಷ ದೊರೆಯುತ್ತದೆ. ಕುಟುಂಬಕ್ಕೆ ಹಿಗ್ಗು; 18 ಲಕ್ಷ ಉಳಿತಾಯವನ್ನು ಸೇರಿಸಿ, 63 ಲಕ್ಷದ ಮನೆ ನೋಡತೊಡಗುತ್ತಾರೆ.

ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇದು ಸಾಲ ಮರಳಿ ಬರುವುದೇ ಎಂದು ನೋಡುವವರ ಲೆಕ್ಕ. ಊರಿನಲ್ಲಿರುವ ತಂದೆತಾಯಿಗೆ ಪ್ರತಿ ತಿಂಗಳು ಕಳಿಸುವ ಹಣ, ತಂಗಿಯ ಸೀಮಂತ, ಜಾತ್ರೆಗೆ ಹೋಗಿಬರುವ ಖರ್ಚು ಇವು ಯಾವ ಸಂಬಳಪತ್ರದಲ್ಲಿಯೂ ಕಾಣಿಸುವುದಿಲ್ಲ. ಪರಸ್ಥಳದಲ್ಲಿ ದುಡಿಯುವವರಿಗೆ ಅವು ಕಂತಿನಷ್ಟೇ ಖಚಿತವಾದ ಹೊರೆಗಳು.

ಮನೆಯ ಲೆಕ್ಕ

ಆದ್ದರಿಂದ ಲೆಕ್ಕವನ್ನು ಅಡುಗೆಮನೆಯಿಂದ ಆರಂಭಿಸಬೇಕು. ಅದೇ ಕುಟುಂಬದ ತಿಂಗಳ ಖರ್ಚನ್ನು ಬಾಡಿಗೆ ಬಿಟ್ಟು ಹೀಗೆ ಬರೆಯಬಹುದು:

ದಿನಸಿ, ಹಾಲು, ವಿದ್ಯುತ್ತು, ಓಡಾಟ – 24,000
ಶಾಲೆಯ ವೆಚ್ಚ (ವರ್ಷದ ಮೊತ್ತವನ್ನು 12ರಿಂದ ಭಾಗಿಸಿ) – 8,000
ಊರಿಗೆ ಕಳಿಸುವುದು – 10,000
ಊರಿನ ಪ್ರಯಾಣ, ಹಬ್ಬ, ಮದುವೆ ಮುಂಜಿ – 4,000
ವಿಮೆ, ಔಷಧೋಪಚಾರ – 5,000
ಸ್ಕೂಟರಿನ ಕಂತು – 3,000
ಮುಂದಿನ ಅಗತ್ಯಗಳಿಗೆ ಉಳಿತಾಯ – 6,000
ಒಟ್ಟು – 60,000

ಉಳಿಯುವುದು 40,000. ಸ್ವಂತ ಮನೆಗೆ ಬಾಡಿಗೆ ಇಲ್ಲವಾದರೂ ಸೊಸೈಟಿಯ ನಿರ್ವಹಣಾ ಶುಲ್ಕ, ಮಹಾನಗರಪಾಲಿಕೆಯ ಆಸ್ತಿ ತೆರಿಗೆ, ಸಣ್ಣಪುಟ್ಟ ದುರಸ್ತಿ ಉಂಟು. ಅದಕ್ಕೆ 4,000 ತೆಗೆದರೆ ಕಂತಿಗೆ ದೊರೆಯುವುದು 36,000. ಇದೇ ಆ ಸಂಸಾರದ ನಿಜವಾದ ಮಿತಿ.

ಇನ್ನು 63 ಲಕ್ಷದ ಮನೆ ಕೊಂಡರೇನಾಗುತ್ತಿತ್ತೆಂದು ನೋಡಬೇಕು. ಬೆಲೆಯ ಶೇಕಡಾ 80ರಂತೆ 50.4 ಲಕ್ಷ ಸಾಲ. ಕಂತು ಸುಮಾರು 45,400. ನಿರ್ವಹಣೆಯ 4,000 ಸೇರಿದರೆ 49,400. ಉಳಿದ 50,600ರಲ್ಲಿ 60,000ದ ಖರ್ಚು ನಡೆಯಬೇಕು. ತಿಂಗಳಿಗೆ 9,400ರ ಕೊರತೆ. ಅದನ್ನು ತುಂಬಲು ಮೊದಲು ನಿಲ್ಲುವುದು ಉಳಿತಾಯ. ಆಮೇಲೆ ಊರಿಗೆ ಹೋಗುವ ಹಣ. ಅದಾದ ಮೇಲೆ ವಿಮೆಯ ಕಂತು. ಯಾರೂ ಕೂತು ಹಾಗೆ ತೀರ್ಮಾನಿಸುವುದಿಲ್ಲ. ಆದರೆ ಬ್ಯಾಂಕಿನ ಕಂತು ತಪ್ಪುವಂತಿಲ್ಲವಾದ್ದರಿಂದ, ತಪ್ಪಿದರೂ ನೋಟೀಸು ಬಾರದ ಬಾಬುಗಳೇ ತಪ್ಪತೊಡಗುತ್ತವೆ. ಮುದುಕರ ಔಷಧದ ಹಣ ಅಂಥದೊಂದು ಬಾಬು.

ಬಡ್ಡಿಯ ಏರಿಳಿತ

ಇಂದಿನ ಗೃಹಸಾಲಗಳಲ್ಲಿ ಬಹುಪಾಲು ಬದಲಾಗುವ ಬಡ್ಡಿಯವು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ನೀಡುವ ಇಂತಹ ಹೊಸ ಸಾಲಗಳ ದರವನ್ನು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಗಿದೆ. 2022ರ ಮೇ ತಿಂಗಳ ಆರಂಭದಲ್ಲಿ ಶೇಕಡಾ 4 ಇದ್ದ ರೆಪೊ ದರ 2023ರ ಫೆಬ್ರುವರಿಯ ಹೊತ್ತಿಗೆ 6.5 ಆಯಿತು. ಶೇಕಡಾ 7ರಲ್ಲಿ 20 ವರ್ಷಕ್ಕೆ ಪಡೆದ ಒಂದು ಲಕ್ಷದ ಕಂತು 775 ರೂಪಾಯಿ, ದರವು 9.5 ಆದರೆ ಅದೇ ಒಂದು ಲಕ್ಷದ ಒಂದು ತಿಂಗಳ ಬಡ್ಡಿಯೇ 792 ರೂಪಾಯಿ. ಅಂದರೆ ಹಳೆಯ ಕಂತು ಬಡ್ಡಿಗೂ ಸಾಲದು. ಅಸಲು ಕರಗುವ ಮಾತು ದೂರವೇ ಉಳಿಯಿತು. ದರ ಬದಲಾದಾಗ ಕಂತು ಹೆಚ್ಚಿಸುವ ಅಥವಾ ಅವಧಿ ಹಿಗ್ಗಿಸುವ ಆಯ್ಕೆಯನ್ನು ಸಾಲಗಾರನಿಗೆ ನೀಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಆಯ್ಕೆ ಸಿಕ್ಕರೂ ಕಂತು ಹೆಚ್ಚಿಸುವ ಶಕ್ತಿ ಮನೆಯಲ್ಲಿರಬೇಕು.

ಆದಕಾರಣ ಸಾಲದ ಮೊತ್ತವನ್ನು ಇಂದಿನ ದರಕ್ಕಿಂತ ಶೇಕಡಾ 2 ಹೆಚ್ಚಿನ ದರದಲ್ಲಿ ಪರೀಕ್ಷಿಸಿ ನಿಶ್ಚಯಿಸುವುದು ಕ್ಷೇಮ. ಶೇಕಡಾ 11ರಲ್ಲಿ ಒಂದು ಲಕ್ಷಕ್ಕೆ 20 ವರ್ಷದ ಕಂತು ಸುಮಾರು 1,032. 36,000ಕ್ಕೆ ದೊರೆಯುವ ಸಾಲ ಸುಮಾರು 35 ಲಕ್ಷ. ಇಂದಿನ 9ರ ದರದಲ್ಲಿ ಇದರ ಕಂತು 31,500 ಮಾತ್ರ. ಉಳಿಯುವ 4,500 ಆಪತ್ಕಾಲದ ಬಲ. ಬ್ಯಾಂಕಿನ 52 ಲಕ್ಷವೆಲ್ಲಿ, ಮನೆಯ 35 ಲಕ್ಷವೆಲ್ಲಿ!

ಕೈಯಲ್ಲಿರುವ ಹಣ

18 ಲಕ್ಷ ಉಳಿತಾಯವೂ ಪೂರ್ತಿಯಾಗಿ ಮನೆಯ ಬೆಲೆಗೆ ಸಲ್ಲುವುದಿಲ್ಲ. ಉಳಿತಾಯದ ಬಾಬನ್ನು ಬಿಟ್ಟು ಮನೆಖರ್ಚು, ನಿರ್ವಹಣೆ, ಕಂತು ಎಲ್ಲ ಸೇರಿ ತಿಂಗಳಿಗೆ 89,500 ಬೇಕು. ನೌಕರಿ ಹೋದರೆ, ಕಾಯಿಲೆ ಬಿದ್ದರೆ ಕನಿಷ್ಠ ನಾಲ್ಕು ತಿಂಗಳು ಸಂಸಾರ ಸಾಗಲು ಸುಮಾರು 3.6 ಲಕ್ಷವನ್ನು ಮುಟ್ಟದೆ ಇಡಬೇಕು. ಉಳಿಯುವುದು 14.4 ಲಕ್ಷ.

ಪುಣೆ ನಗರದಲ್ಲಿ ಸ್ಥಳೀಯ ಕರ ಮತ್ತು ಮೆಟ್ರೊ ಅಧಿಭಾರವೂ ಸೇರಿ ಮುದ್ರಾಂಕ ಶುಲ್ಕ ಶೇಕಡಾ 7. ಮಹಿಳೆಯರ ಹೆಸರಿನಲ್ಲಿಯೇ ಕೊಂಡರೆ ಶೇಕಡಾ 1 ರಿಯಾಯಿತಿ ಉಂಟು. ಶುಲ್ಕವನ್ನು ಕರಾರಿನ ಬೆಲೆ ಮತ್ತು ಸರಕಾರದ ರೆಡಿ ರೆಕನರ್ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು. ನೋಂದಣಿ ಶುಲ್ಕ ಶೇಕಡಾ 1, ಗರಿಷ್ಠ 30,000 ರೂಪಾಯಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಬೆಲೆಯ ಶೇಕಡಾ 90ನ್ನು, 30ರಿಂದ 75 ಲಕ್ಷದವರೆಗಿನದು 80ನ್ನು, ಅದಕ್ಕೂ ಮೇಲಿನದು 75ನ್ನು ಮೀರುವಂತಿಲ್ಲ. ಮುದ್ರಾಂಕ, ನೋಂದಣಿಗಳ ವೆಚ್ಚವನ್ನು ಇಂತಹ ಮನೆಗಳ ಬೆಲೆಗೆ ಸೇರಿಸುವುದೂ ಇಲ್ಲ. ಅದು ಸ್ವಂತ ಜೇಬಿನದು.

ವಕೀಲರು, ಬ್ಯಾಂಕಿನ ಶುಲ್ಕ, ಸಾಮಾನು ಸಾಗಣೆ, ಕಪಾಟು ಇತ್ಯಾದಿಗೆ 2 ಲಕ್ಷ ಹಿಡಿದರೆ ಲೆಕ್ಕ ಹೀಗಾಗುತ್ತದೆ: ಮನೆಯ ಬೆಲೆ 44 ಲಕ್ಷ, ಮುದ್ರಾಂಕ 3.08 ಲಕ್ಷ, ನೋಂದಣಿ 30,000, ಇತರೆ 2 ಲಕ್ಷ, ಒಟ್ಟು 49.38 ಲಕ್ಷ. ಸಾಲ 35 ಮತ್ತು ಸ್ವಂತದ್ದು 14.4, ಕೂಡಿ 49.4 ಲಕ್ಷ. ಸಾಲವು ಬೆಲೆಯ ಶೇಕಡಾ 80ರ ಒಳಗೇ ಇದೆ. ಈ ಕುಟುಂಬಕ್ಕೆ ಒಪ್ಪುವ ಮನೆ 44 ಲಕ್ಷದ್ದು.

ಕಟ್ಟುತ್ತಿರುವ ಮನೆಯಾದರೆ

ನಿರ್ಮಾಣ ಮುಗಿಯದ ಮನೆಗೆ ಸರಕು ಮತ್ತು ಸೇವಾ ತೆರಿಗೆಯೂ ಸೇರುತ್ತದೆ. ಪುಣೆಯಲ್ಲಿ 45 ಲಕ್ಷದೊಳಗಿನ, 90 ಚದರ ಮೀಟರ್ ಮೀರದ ಕಾರ್ಪೆಟ್ ವಿಸ್ತೀರ್ಣದ ಮನೆಗೆ ಶೇಕಡಾ 1, ಉಳಿದವಕ್ಕೆ 5. ಮುಕ್ತಾಯ ಪ್ರಮಾಣಪತ್ರ ದೊರೆತ ಮೇಲೆ ಕೊಂಡರೆ ಈ ತೆರಿಗೆ ಇಲ್ಲ. ಇನ್ನೊಂದು ಹೊರೆಯೆಂದರೆ ಇಬ್ಬಗೆಯ ವೆಚ್ಚ. ಮೇಲಿನ 35 ಲಕ್ಷವೂ ಕಟ್ಟುವವರ ಕೈಸೇರಿ ಬೀಗದ ಕೈ ಮಾತ್ರ ಬಾರದಿದ್ದರೆ ತಿಂಗಳ ಬಡ್ಡಿ 26,250, ಬಾಡಿಗೆ 18,000, ಕೂಡಿ 44,250. ಕುಟುಂಬದ ಬಳಿ ಇರುವುದು 40,000. ಆದ್ದರಿಂದ ಯೋಜನೆಯ ಮುಕ್ತಾಯದ ದಿನಾಂಕವನ್ನು ಮಹಾರೇರಾ ನೋಂದಣಿಯಲ್ಲಿ ನೋಡಿಕೊಳ್ಳುವುದು ಅವಶ್ಯ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ.

ಬರಲಿರುವ ಅನುಕೂಲಗಳಿಗೆ ಇಂದೇ ಬೆಲೆ ತೆರುವುದರಲ್ಲಿಯೂ ಎಚ್ಚರ ಬೇಕು. ಸ್ವಾರ್‌ಗೇಟಿಗೆ ಮೆಟ್ರೊ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಕಾತ್ರಜ್‌ವರೆಗಿನ ಮಾರ್ಗಕ್ಕೆ ಕೇಂದ್ರ ಸಚಿವಸಂಪುಟ ಅದೇ ವರ್ಷದ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಒಪ್ಪಿಗೆಗೂ ಓಡುವ ರೈಲಿಗೂ ನಡುವೆ ವರ್ಷಗಳಿರುತ್ತವೆ. ಕಂತು ಮಾತ್ರ ಮರುತಿಂಗಳಿನಿಂದಲೇ ಆರಂಭವಾಗುತ್ತದೆ.

ಮಿತಿಯೊಳಗೆ ಮನೆ ಸಿಗದಿದ್ದರೆ

ಬಿಬವೇವಾಡಿಯಲ್ಲಿ ತಮಗೆ ಬೇಕಾದಂತಹ ಮನೆ ಈ ಬೆಲೆಗೆ ದೊರೆಯದಿದ್ದರೆ ದಾರಿಗಳು ಮುಚ್ಚಿಹೋಗಿಲ್ಲ. ಎರಡು ಕೋಣೆಯ ಬದಲು ಒಂದು ಕೋಣೆಯ ಮನೆ, ಹಳೆಯ ಸೊಸೈಟಿಯ ಮನೆ, ಅಥವಾ ಕಾತ್ರಜ್ ಆಚೆಗಿನ ಬಡಾವಣೆ ನೋಡಬಹುದು. ಹಳೆಯ ಮನೆಗೆ ದುರಸ್ತಿಯನ್ನೂ, ದೂರದ ಮನೆಗೆ ಓಡಾಟದ ಖರ್ಚನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅವಧಿಯನ್ನು 25 ವರ್ಷಕ್ಕೆ ಹಿಗ್ಗಿಸಿ ಸಾಲ ಹೆಚ್ಚಿಸುವುದು ಸುಲಭದ ದಾರಿಯಾಗಿ ತೋರುತ್ತದೆ. ಆದರೆ ನಲವತ್ತು ದಾಟಿದವರು ತಮ್ಮ ನಿವೃತ್ತಿಯ ವರ್ಷವನ್ನು ಪಕ್ಕದಲ್ಲಿ ಬರೆದು ನೋಡಬೇಕು. ಇಬ್ಬರ ಸಂಬಳದ ಮೇಲೆ ನಿಂತ ಸಾಲವಾದರೆ, ಹೆರಿಗೆಯಿಂದಲೋ ಮನೆಯಲ್ಲಿ ಹಿರಿಯರ ಶುಶ್ರೂಷೆಯಿಂದಲೋ ಒಂದು ಸಂಬಳ ವರ್ಷಕಾಲ ನಿಂತರೆ ಗತಿಯೇನೆಂದು ಮೊದಲೇ ಮಾತಾಡಿಕೊಳ್ಳಬೇಕು. ಸಾಲದಷ್ಟು ಮೊತ್ತದ ಅವಧಿ ಜೀವವಿಮೆಯನ್ನೂ, ಕಂಪನಿಯದಲ್ಲದೆ ಸ್ವಂತದ್ದೊಂದು ಆರೋಗ್ಯವಿಮೆಯನ್ನೂ ಮಾಡಿಸದೆ ಕರಾರಿಗೆ ಸಹಿ ಹಾಕಬಾರದು.

ಬಾಡಿಗೆಯ ಮನೆಯಲ್ಲಿ ಇನ್ನೆರಡು ವರ್ಷ ಕಳೆಯುವುದು ಅವಮಾನವೇನಲ್ಲ. ಆ ಎರಡು ವರ್ಷ 31,500ರ ಕಂತು ಈಗಲೇ ಆರಂಭವಾಯಿತೆಂದು ತಿಳಿದು, ಬಾಡಿಗೆ ಕಳೆದು ಉಳಿಯುವ 13,500ವನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿದರೆ 3,24,000 ರೂಪಾಯಿ ಕೂಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಂತನ್ನು ಸಂಸಾರ ನಿಜವಾಗಿಯೂ ತಾಳುವುದೇ ಎಂಬುದು ಸಾಲವಿಲ್ಲದೆಯೇ ಗೊತ್ತಾಗುತ್ತದೆ.

ಚಿಕ್ಕ ಸಾಲಕ್ಕೆ ಇನ್ನೂ ಒಂದು ಗುಣವಿದೆ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ವರ್ಷಕ್ಕೊಂದು ಕಂತು ಹೆಚ್ಚಾಗಿ ಕಟ್ಟಿದರೂ ಶೇಕಡಾ 9ರ, 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚೆ ತೀರುತ್ತದೆ. ಸಂಬಳ ಏರಿದಂತೆ ಚಿಕ್ಕ ಸಾಲವನ್ನು ಬೇಗ ತೀರಿಸಬಹುದು; ದೊಡ್ಡ ಸಾಲವನ್ನು ಸಂಬಳ ಇಳಿದಂತೆ ಚಿಕ್ಕದಾಗಿಸಲು ಬರುವುದಿಲ್ಲ. ಹಾಸಿಗೆಯ ಉದ್ದವನ್ನು ಬ್ಯಾಂಕಿನವರಿಂದ ಅಳೆಯಿಸದೆ, ಮನೆಮಂದಿ ಒಂದು ಭಾನುವಾರ ಕೂತು ತಾವೇ ಅಳೆದುಕೊಂಡರೆ ಆ ಮನೆಯ ಹೊಸ್ತಿಲು ದಾಟುವ ದಿನ ಊರಿನ ಹಿರಿಯರೂ ನಿಶ್ಚಿಂತೆಯಿಂದ ಬಂದು ಹರಸುವಂತಾದೀತು.