ಊರಲ್ಲಿ ಕ್ಯೂ, ಬೇರೆ ಊರಲ್ಲಿ ಖಾಲಿ: ಫೇಮಸ್ ಹೋಟೆಲ್‌ಗಳ ಬ್ರಾಂಚ್ ಯಾಕೆ ಒದ್ದಾಡ್ತವೆ?

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಬೆಳೆದವರು ಬೆಂಗಳೂರಲ್ಲಿ ಅದೇ ಹೆಸರಿನ ಬೋರ್ಡ್ ನೋಡಿ ಖುಷಿಯಿಂದ ಒಳಗೆ ಹೋಗ್ತಾರೆ. ಹೊರಗೆ ಬರುವಾಗ ಹೇಳುವ ಮಾತು ಮಾತ್ರ ಹೆಚ್ಚುಕಮ್ಮಿ ಒಂದೇ: "ಚೆನ್ನಾಗಿದೆ, ಆದ್ರೆ ಅಲ್ಲಿನ ಥರ ಇಲ್ಲ." ಇದು ದಾವಣಗೆರೆ ದೋಸೆಯ ಕಥೆ ಮಾತ್ರ ಅಲ್ಲ. ತಮ್ಮ ಊರಲ್ಲಿ ದೊಡ್ಡ ಹೆಸರು ಮಾಡಿದ ಎಷ್ಟೋ ಹೋಟೆಲ್‌ಗಳು ಬೇರೆ ಸಿಟಿಯಲ್ಲಿ ಬ್ರಾಂಚ್ ತೆರೆಯುತ್ತವೆ, ಮೊದಲ ತಿಂಗಳು ರಸ್ತೆ ತನಕ ಕ್ಯೂ ಇರುತ್ತೆ, ಆಮೇಲೆ ಒಂದಿನ ಸದ್ದಿಲ್ಲದೆ ಶಟರ್ ಕೆಳಗೆ ಬರುತ್ತೆ.

ಯಾಕೆ ಅಂತ ಕೇಳಿದರೆ ಎಲ್ಲರ ಹತ್ತಿರವೂ ರೆಡಿ ಉತ್ತರ ಇದೆ: "ದುಡ್ಡಿನ ಆಸೆ, ಕ್ವಾಲಿಟಿ ಕಮ್ಮಿ ಮಾಡಿದ್ರು." ಕೆಲವು ಕಡೆ ಅದು ನಿಜ ಇರಬಹುದು. ಆದರೆ ಕ್ವಾಲಿಟಿ ಕಮ್ಮಿ ಮಾಡದೆ, ಅದೇ ರೆಸಿಪಿ ಇಟ್ಟುಕೊಂಡು, ಪ್ರಾಮಾಣಿಕವಾಗಿ ದುಡಿದವರೂ ಸೋತಿದ್ದಾರಲ್ಲ? ಅದಕ್ಕೆ ಏನು ಕಾರಣ? ಈ ಲೇಖನದಲ್ಲಿ ಅದನ್ನ ಸ್ವಲ್ಪ ನಮ್ಮ ಇಂಜಿನಿಯರಿಂಗ್ ಕಣ್ಣಲ್ಲಿ ನೋಡೋಣ. ನನ್ನ ವಾದ ಇಷ್ಟೇ: ಒಂದು ಹೋಟೆಲ್ ಅಂದರೆ ರೆಸಿಪಿ ಅಲ್ಲ, ಒಂದು ಸಿಸ್ಟಮ್. ಬ್ರಾಂಚ್ ಮಾಡುವಾಗ ರೆಸಿಪಿ ಬಸ್ ಹತ್ತುತ್ತೆ, ಸಿಸ್ಟಮ್‌ನ ಉಳಿದ ಭಾಗಗಳು ಊರಲ್ಲೇ ಉಳಿಯುತ್ತವೆ.

1. ಹಿಟ್ಟಿಗೆ ಊರು ಗೊತ್ತಾಗುತ್ತೆ

ದೋಸೆ ಹಿಟ್ಟು ಹುಳಿ ಬರೋದು ಒಂದು ಬಯೋಲಾಜಿಕಲ್ ಪ್ರೋಸೆಸ್. ಅಕ್ಕಿ, ಉದ್ದಿನಬೇಳೆಯಲ್ಲೇ ಇರುವ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ರಾತ್ರಿಯೆಲ್ಲಾ ಕೆಲಸ ಮಾಡಿ ಹಿಟ್ಟನ್ನ ಉಬ್ಬಿಸುತ್ತವೆ. 30 ಡಿಗ್ರಿ ಆಸುಪಾಸಿನಲ್ಲಿ ಅವುಗಳ ಕೆಲಸ ಚುರುಕು, ಚಳಿಯಲ್ಲಿ ನಿಧಾನ. ಹಾಗಾಗಿ ಬೆಂಗಳೂರಿನಲ್ಲಿ "ರಾತ್ರಿ ರುಬ್ಬಿಟ್ಟರೆ ಬೆಳಗ್ಗೆಗೆ ರೆಡಿ" ಅನ್ನೋ ಲೆಕ್ಕ, ಮೇ ತಿಂಗಳ ಚೆನ್ನೈನಲ್ಲಿ ಅತಿಯಾದ ಹುಳಿ ಆಗುತ್ತೆ, ಜನವರಿಯ ದೆಹಲಿಯಲ್ಲಿ ಹಿಟ್ಟು ಏಳೋದೇ ಇಲ್ಲ. ರೆಸಿಪಿ ಚೀಟಿಯಲ್ಲಿ ಅಕ್ಕಿ ಎಷ್ಟು, ಉದ್ದು ಎಷ್ಟು ಅಂತ ಇರುತ್ತೆ, ಹವಾಮಾನ ಇರಲ್ಲ.

ನೀರಿನದ್ದೂ ಹಾಗೇ. ಗಡಸು ನೀರಲ್ಲಿ ತೊಗರಿಬೇಳೆ ಬೇಯೋಕೆ ಹೆಚ್ಚು ಹೊತ್ತು ಬೇಕು, ಸಾಂಬಾರಿನ ಹದ ಬದಲಾಗುತ್ತೆ, ಕಾಫಿ ರುಚಿಯೂ ಬದಲಾಗುತ್ತೆ. ಬೆಂಗಳೂರಿನ ಒಳಗೇ ಕಾವೇರಿ ನೀರಿನ ಏರಿಯಾಗೂ ಬೋರ್‌ವೆಲ್ ಏರಿಯಾಗೂ ವ್ಯತ್ಯಾಸ ಇದೆ ಅಂದಮೇಲೆ ಬೇರೆ ರಾಜ್ಯದ ಮಾತೇನು?

ಇನ್ನು ಬೆಣ್ಣೆ ದೋಸೆಯನ್ನೇ ತಗೊಳ್ಳಿ. ಆ ಹಿಟ್ಟಿಗೆ ಮಂಡಕ್ಕಿ ಸೇರಿಸ್ತಾರೆ. ದಾವಣಗೆರೆ ಅಂದರೆ ಮಂಡಕ್ಕಿ ಊರು, ಅಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಏರಿಯಾ ಇದೆ. ಬೆಣ್ಣೆ ಸುತ್ತಮುತ್ತಲ ಹಳ್ಳಿಗಳಿಂದ ಬರುತ್ತೆ. ಹಳೇ ಹೋಟೆಲ್‌ಗಳಲ್ಲಿ ಉರಿ ಕಟ್ಟಿಗೆಯದ್ದು. ಬೆಂಗಳೂರಿನ ಕಾಂಪ್ಲೆಕ್ಸ್ ಒಂದರ ಗ್ರೌಂಡ್ ಫ್ಲೋರ್‌ನಲ್ಲಿ ಕಟ್ಟಿಗೆ ಒಲೆ ಹಚ್ಚಿದರೆ ಮೇಲಿನ ಮನೆಯವರು ಸುಮ್ಮನೆ ಬಿಡ್ತಾರಾ? ಅಲ್ಲಿಗೆ ಗ್ಯಾಸ್ ಬರುತ್ತೆ, ಪ್ಯಾಕೆಟ್ ಬೆಣ್ಣೆ ಬರುತ್ತೆ. ಯಾರೂ ಮೋಸ ಮಾಡಿಲ್ಲ. ಆದರೂ ದೋಸೆ ಬೇರೆ ಆಯ್ತು.

2. ಭಟ್ಟರ ಕಿವಿಯೇ ಸೆನ್ಸರ್

ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸೋದನ್ನ ನೀವೆಲ್ಲಾ ನೋಡಿದ್ದೀರಿ. ಅದು ಬರೀ ಕ್ಲೀನಿಂಗ್ ಅಲ್ಲ, ಟೆಂಪರೇಚರ್ ಚೆಕ್ ಕೂಡ. ಕಾವಲಿ ತುಂಬಾ ಬಿಸಿ ಇದ್ದರೆ ನೀರಿನ ಹನಿ ತಕ್ಷಣ ಆವಿಯಾಗದೆ ಮುತ್ತಿನ ಥರ ಓಡಾಡುತ್ತೆ. ಹನಿಯ ಕೆಳಗೆ ಆವಿಯ ತೆಳು ಪದರ ಸೇರಿಕೊಂಡು ಶಾಖ ತಡೆಯೋದೇ ಇದಕ್ಕೆ ಕಾರಣ. ಇದಕ್ಕೆ ಲೈಡನ್‌ಫ್ರಾಸ್ಟ್ ಎಫೆಕ್ಟ್ ಅಂತಾರೆ. ನೀರಿಗೆ ಸುಮಾರು 200 ಡಿಗ್ರಿ ಹತ್ತಿರ ಶುರುವಾಗುತ್ತೆ. "ಚುಯ್" ಅನ್ನೋ ಸದ್ದು ಕೇಳಿಯೇ ಭಟ್ಟರಿಗೆ ಈಗ ಹಿಟ್ಟು ಹುಯ್ಯಬಹುದಾ, ಇನ್ನೊಂದು ಸಲ ನೀರು ಹಾಕಬೇಕಾ ಅಂತ ಗೊತ್ತಾಗುತ್ತೆ. ಭಟ್ಟರು ಲೈಡನ್‌ಫ್ರಾಸ್ಟ್ ಹೆಸರು ಕೇಳಿರಲಿಕ್ಕಿಲ್ಲ, ನಮಗೆ ಹೆಸರು ಮಾತ್ರ ಗೊತ್ತು!

ಈ ಥರದ ಜ್ಞಾನವನ್ನ ಪೇಪರ್ ಮೇಲೆ ಬರೆಯೋಕಾಗಲ್ಲ. ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕಲೀಬೇಕು. ಹಾಗಾಗಿ ಬ್ರಾಂಚ್ ತೆರೆಯುವಾಗ ಮಾಲೀಕರು ಸಾಮಾನ್ಯವಾಗಿ ತಮ್ಮ ಬೆಸ್ಟ್ ಭಟ್ಟರನ್ನ ಅಲ್ಲಿಗೆ ಕಳಿಸ್ತಾರೆ. ಇಲ್ಲಿ ಡಬಲ್ ನಷ್ಟ. ಹೊಸ ಊರಲ್ಲಿ ಭಟ್ಟರಿಗೆ ಮನೆ ಇಲ್ಲ, ಹೆಂಡತಿ ಮಕ್ಕಳು ಊರಲ್ಲೇ ಇರ್ತಾರೆ, ಆರು ತಿಂಗಳಲ್ಲಿ ಪಕ್ಕದ ಹೋಟೆಲಿನವರು ಎರಡು ಸಾವಿರ ಜಾಸ್ತಿ ಕೊಡ್ತೀವಿ ಅಂದರೆ ಅಲ್ಲಿಗೆ ಹೋಗ್ತಾರೆ. ಇತ್ತ ಊರಿನ ಹೋಟೆಲಲ್ಲೂ "ಯಾಕೋ ಇತ್ತೀಚೆಗೆ ದೋಸೆ ಮೊದಲಿನ ಹಾಗಿಲ್ಲ" ಅನ್ನೋ ಮಾತು ಶುರುವಾಗುತ್ತೆ.

3. ಜನಜಂಗುಳಿಯೂ ಒಂದು ಸಾಮಗ್ರಿ

ಬಸವನಗುಡಿಯ ಗಾಂಧಿ ಬಜಾರ್‌ನಲ್ಲಿ 1940ರ ದಶಕದಿಂದ ಇರುವ ವಿದ್ಯಾರ್ಥಿ ಭವನಕ್ಕೆ ಭಾನುವಾರ ಬೆಳಗ್ಗೆ ಹೋಗಿ ನೋಡಿ. ಸಪ್ಲೈಯರ್ ಕೈ ಮೇಲೆ ದೋಸೆ ತಟ್ಟೆಗಳನ್ನ ಗೋಪುರದ ಥರ ಜೋಡಿಸಿಕೊಂಡು ಬರ್ತಾರೆ. ಕಾವಲಿ ಒಂದು ನಿಮಿಷ ಖಾಲಿ ಇರಲ್ಲ. ಅಲ್ಲಿನ ರುಚಿಗೆ ಆ ರಶ್ ಕೂಡ ಕಾರಣ. ದಪ್ಪ ಕಬ್ಬಿಣದ ಕಾವಲಿಯಲ್ಲಿ ತುಂಬಾ ಶಾಖ ಕೂತಿರುತ್ತೆ. ಒಂದೇ ಸಮನೆ ದೋಸೆ ಹುಯ್ಯುತ್ತಿದ್ದರೆ ಅದು ಒಂದು ಸ್ಟೆಡಿ ಸ್ಟೇಟ್‌ಗೆ ಬರುತ್ತೆ, ಪ್ರತಿ ದೋಸೆಯೂ ಒಂದೇ ಬಣ್ಣ. ಜನ ಕಮ್ಮಿ ಇದ್ದರೆ ಒಮ್ಮೆ ಕಾವಲಿ ಕಾಯ್ದು ಕೆಂಡ, ಒಮ್ಮೆ ತಣ್ಣಗೆ. ರಶ್ ಇದ್ದಲ್ಲಿ ಚಟ್ನಿ ಮತ್ತೆ ಮತ್ತೆ ಹೊಸದಾಗಿ ರುಬ್ಬುತ್ತಾರೆ, ಜನ ಇಲ್ಲದಿದ್ದರೆ ಬೆಳಗ್ಗೆಯ ಚಟ್ನಿಯೇ ಮಧ್ಯಾಹ್ನದ ತನಕ.

ಅಂದರೆ ರುಚಿಯಿಂದ ಜನ ಬರ್ತಾರೆ, ಜನ ಬರೋದ್ರಿಂದ ರುಚಿ ಉಳಿಯುತ್ತೆ. ಊರಲ್ಲಿ ಈ ಚಕ್ರ ತಿರುಗೋಕೆ ಹತ್ತಿಪ್ಪತ್ತು ವರ್ಷ ಹಿಡಿದಿರುತ್ತೆ. ಹೊಸ ಬ್ರಾಂಚ್‌ನಲ್ಲಿ ಮೊದಲ ದಿನದಿಂದಲೇ ತಿರುಗಬೇಕು ಅಂದರೆ ಹೇಗೆ?

ಕೂರುವ ಅಭ್ಯಾಸವೂ ಮುಖ್ಯ. ಕ್ಯೂಯಿಂಗ್ ಥಿಯರಿಯಲ್ಲಿ ಲಿಟಲ್ಸ್ ಲಾ ಅಂತ ಒಂದು ಸರಳ ಸೂತ್ರ ಇದೆ: ಒಳಗಿರುವ ಜನ = ಗಂಟೆಗೆ ಬರುವ ಜನ × ಒಬ್ಬರು ಇರುವ ಸಮಯ. 40 ಸೀಟಿನ ಹೋಟೆಲಲ್ಲಿ ಒಬ್ಬರು 15 ನಿಮಿಷ ಕೂತರೆ ಗಂಟೆಗೆ 160 ಜನ ತಿಂದು ಹೋಗಬಹುದು. ಅದೇ 40 ನಿಮಿಷ ಕೂತರೆ ಗಂಟೆಗೆ 60 ಜನ ಮಾತ್ರ. ನಮ್ಮ ಕಡೆ ಬೆಳಗ್ಗೆ ಗಬಗಬ ತಿಂದು, ಕಾಫಿ ಕುಡಿದು, ಎದ್ದು ಹೋಗೋ ತಿಂಡಿ ಅದು. ಬೇರೆ ಸಿಟಿಯಲ್ಲಿ ಅದೇ ದೋಸೆ ಸಂಜೆ ಫ್ಯಾಮಿಲಿ ಜೊತೆ ಕೂತು ನಿಧಾನಕ್ಕೆ ತಿನ್ನೋ ಡಿನ್ನರ್ ಆಗಬಹುದು. ಸೀಟು ಅಷ್ಟೇ, ವ್ಯಾಪಾರ ಅರ್ಧಕ್ಕಿಂತ ಕಮ್ಮಿ.

4. ಬಾಡಿಗೆ ಲೆಕ್ಕ

ನಮ್ಮ ಸೋದರಮಾವ ಒಂದು ಸಣ್ಣ ಊರಲ್ಲಿ ಸ್ವಂತ ಕಟ್ಟಡದಲ್ಲಿ ಹೋಟೆಲ್ ನಡೆಸ್ತಾರೆ. ಕಳೆದ ವರ್ಷ ಯಾರೋ ಬಂದು "ಬೆಂಗಳೂರಲ್ಲಿ ಒಳ್ಳೇ ಜಾಗ ಇದೆ, ನಿಮ್ಮ ಹೆಸರಿಗೆ ಜನ ಮುಗಿಬೀಳ್ತಾರೆ" ಅಂದರು. ಅಡ್ವಾನ್ಸ್ ಕಟ್ಟೋಕೆ ಮಾವ ತಮ್ಮ ಸೈಟು ಮಾರುವ ಯೋಚನೆಯಲ್ಲಿದ್ದರು. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲೋ, ಒಂದು ಲೆಕ್ಕ ಹಾಕಿ ಹೇಳು" ಅಂದರು. ಆಗ ಇಬ್ಬರೂ ಕೂತು ಹಾಕಿದ ಲೆಕ್ಕ ಇದು. ಅಂಕಿಗಳು ಅಂದಾಜಿನವು, ಆದರೆ ವಿಧಾನ ನಿಮಗೂ ಉಪಯೋಗಕ್ಕೆ ಬರಬಹುದು.

ಊರಲ್ಲಿ: ದೋಸೆ 60 ರೂಪಾಯಿ. ಸಾಮಾನು, ಗ್ಯಾಸ್ ಕಳೆದು 30 ಉಳಿಯುತ್ತೆ. ಬಾಡಿಗೆ ಇಲ್ಲ. ಅತ್ತೆ, ಮಾವ ಇಬ್ಬರೂ ದುಡೀತಾರೆ. ಸಂಬಳ, ಕರೆಂಟು ಎಲ್ಲಾ ಸೇರಿ ತಿಂಗಳಿಗೆ 90,000. ಅಂದರೆ 3,000 ಪ್ಲೇಟ್, ದಿನಕ್ಕೆ 100 ಪ್ಲೇಟ್ ಹೋದರೆ ಅಸಲು ಬಂತು.

ಬೆಂಗಳೂರಲ್ಲಿ: ದೋಸೆ 80 ರೂಪಾಯಿ, ಉಳಿಯೋದು 40. ಬಾಡಿಗೆ 2 ಲಕ್ಷ, ಸಂಬಳ 2.4 ಲಕ್ಷ, ಕರೆಂಟು ಇತ್ಯಾದಿ 40,000. ಒಟ್ಟು 4.8 ಲಕ್ಷ. ಅಂದರೆ 12,000 ಪ್ಲೇಟ್, ದಿನಕ್ಕೆ 400.

ನಾಲ್ಕು ಪಟ್ಟು ದೋಸೆ ಮಾರಿದರೆ ಲಾಭ ಅಲ್ಲ, ಬರೀ ಅಸಲು! ಆ್ಯಪ್‌ನಲ್ಲಿ ಮಾರೋಣ ಅಂದರೆ, ಕಮಿಷನ್ ನೂರಕ್ಕೆ 25 ಅಂತ ಇಟ್ಟುಕೊಂಡರೂ 80ರಲ್ಲಿ 20 ಅಲ್ಲೇ ಹೋಯ್ತು, ಉಳಿಯೋ 40 ಈಗ 20 ಆಯ್ತು. ಮೇಲಾಗಿ ಡಬ್ಬಿಯೊಳಗೆ ಆವಿಗೆ ಮೆತ್ತಗಾದ ದೋಸೆ ತಿಂದು ಜನ ಬೈಯೋದು ಹೋಟೆಲಿಗೇ.

ಇಂಥ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಬೆಣ್ಣೆ ಸ್ವಲ್ಪ ಕಮ್ಮಿ, ಚಟ್ನಿಗೆ ತೆಂಗಿನಕಾಯಿ ಸ್ವಲ್ಪ ಕಮ್ಮಿ, ಹುರಿಗಡಲೆ ಸ್ವಲ್ಪ ಜಾಸ್ತಿ ಅಂತ ಶುರುವಾಗುತ್ತೆ. ನಾವು ಹೊರಗಿನಿಂದ ನೋಡಿ "ಕ್ವಾಲಿಟಿ ಕಮ್ಮಿ ಮಾಡಿದ್ರು, ಅದಕ್ಕೇ ಸೋತರು" ಅಂತೀವಿ. ಎಷ್ಟೋ ಸಲ ಕ್ರಮ ಉಲ್ಟಾ: ಸೋಲ್ತಾ ಇದ್ದರು, ಅದಕ್ಕೇ ಕಮ್ಮಿ ಮಾಡಿದರು.

5. ಬೈಯುವ ಗಿರಾಕಿ ಎಲ್ಲಿ?

ಊರಿನ ಹೋಟೆಲಲ್ಲಿ ಗಲ್ಲಾ ಮೇಲೆ ಮಾಲೀಕರೇ ಕೂತಿರ್ತಾರೆ. ದಿನಾ ಬರೋ ಮೇಷ್ಟ್ರು ದುಡ್ಡು ಕೊಡುವಾಗ "ಏನ್ ಸ್ವಾಮಿ, ಇವತ್ತು ಚಟ್ನಿ ಸಪ್ಪೆ?" ಅಂತಾರೆ. ಮಾಲೀಕರು ಅಲ್ಲಿಂದಲೇ ಒಳಗೆ ಕೂಗ್ತಾರೆ. ಐದು ನಿಮಿಷದಲ್ಲಿ ಉಪ್ಪು ಸರಿಯಾಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಇದು ಕ್ಲೋಸ್ಡ್ ಲೂಪ್. ತಪ್ಪು ಆದ ಕೂಡಲೇ ಸಿಗ್ನಲ್ ವಾಪಸ್ ಬರುತ್ತೆ.

ಬ್ರಾಂಚ್‌ನಲ್ಲಿ ಗಲ್ಲಾ ಮೇಲೆ ಸಂಬಳದ ಮ್ಯಾನೇಜರ್. ಗಿರಾಕಿ ಹೆಸರು ಕೇಳಿ ಒಂದು ಸಲ ಬಂದವರು. ಇಷ್ಟವಾಗದಿದ್ದರೆ ಬೈಯಲ್ಲ, ಸುಮ್ಮನೆ ಮತ್ತೆ ಬರಲ್ಲ. ಅದು ಓಪನ್ ಲೂಪ್. ಬೈಯುವ ಗಿರಾಕಿ ಅಂದರೆ ಹೋಟೆಲಿನ ಆಸ್ತಿ. ಅವರನ್ನ ಟ್ರಾನ್ಸ್‌ಫರ್ ಮಾಡೋಕಾಗಲ್ಲ.

ಜೊತೆಗೆ ನಾಲಿಗೆಯ ಸಮಸ್ಯೆ. ಬೆಂಗಳೂರು, ಉಡುಪಿ ಕಡೆಯ ಸಾಂಬಾರಿನ ಬೆಲ್ಲ ಚೆನ್ನೈನವರಿಗೆ ಸಿಹಿ ಅನ್ಸುತ್ತೆ. ಬದಲಾಯಿಸಿದರೆ ಅಲ್ಲಿರುವ ಕನ್ನಡಿಗರು "ಇದು ಒರಿಜಿನಲ್ ಅಲ್ಲ" ಅಂತಾರೆ. ಬದಲಾಯಿಸದಿದ್ದರೆ ಅವರು ಮಾತ್ರ ಬರ್ತಾರೆ, ಅದೂ ತಿಂಗಳಿಗೊಮ್ಮೆ, ಊರಿನ ನೆನಪಾದಾಗ. ನೆನಪಿನ ಮೇಲೆ ದಿನಕ್ಕೆ 400 ಪ್ಲೇಟ್ ನಡೆಯಲ್ಲ.

6. ಹಾಗಾದರೆ ಗೆದ್ದವರು?

ಗೆದ್ದವರೂ ಇದ್ದಾರೆ. ಅವರನ್ನ ಗಮನಿಸಿದರೆ ಎರಡು ದಾರಿ ಕಾಣುತ್ತೆ.

ಮೊದಲನೇದು, ಜನ ಹೋಗೋದು. ಉಡುಪಿ ಹೋಟೆಲ್‌ಗಳು ದೇಶದ ತುಂಬಾ ಹಬ್ಬಿದವು, ಆದರೆ ಅವು ಯಾವುದೋ ಒಂದು ಹೆಡ್ ಆಫೀಸಿನ ಬ್ರಾಂಚ್‌ಗಳಲ್ಲ. ಕರಾವಳಿಯ ಹುಡುಗರು ಮುಂಬಯಿಗೋ ಮದ್ರಾಸಿಗೋ ಹೋಗಿ, ಲೋಟ ತೊಳೆದು, ಸಪ್ಲೈಯರ್ ಆಗಿ, ಗಲ್ಲಾ ನೋಡಿಕೊಂಡು, ಕೊನೆಗೆ ತಮ್ಮದೇ ಹೋಟೆಲ್ ಹಾಕಿದರು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಕಾರ್ಕಳ ಕಡೆಯ ಜಯರಾಮ ಬನಾನ್ 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ತೆರೆದ ಸಾಗರ್, ಎರಡರಲ್ಲೂ ಮಾಲೀಕರು ಆ ಊರಲ್ಲೇ ಇದ್ದರು. ಅಲ್ಲಿನ ನೀರು, ಅಲ್ಲಿನ ಚಳಿ, ಅಲ್ಲಿನ ನಾಲಿಗೆ ಎಲ್ಲಾ ಕಲಿತರು. ಅಂದರೆ ಸಿಸ್ಟಮ್ ಅನ್ನ ಸಾಗಿಸಲಿಲ್ಲ, ಅಲ್ಲೇ ಹೊಸದಾಗಿ ಕಟ್ಟಿದರು.

ಎರಡನೇದು, ಸಾಗಿಸೋಕೆ ಆಗುವ ವಸ್ತುವನ್ನ ಮಾತ್ರ ಸಾಗಿಸೋದು. ಧಾರವಾಡ ಪೇಡೆ ಕೆಲವು ದಿನ ಇಟ್ಟರೂ ಕೆಡಲ್ಲ, ಹಾಗಾಗಿ ಪೇಡೆ ಊರು ದಾಟಿತು. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಎಂಟಿಆರ್ ನೋಡಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆ ಇಳಿಸಿದಾಗ ಹೋಟೆಲ್ ನಡೆಸೋದೇ ಕಷ್ಟವಾಯ್ತು, ಆಗ ಅವರು ಪುಡಿ, ಮಿಕ್ಸ್‌ಗಳ ಕಡೆ ಗಮನ ಕೊಟ್ಟರು. ಲಾಲ್‌ಬಾಗ್ ಹತ್ತಿರದ ಹೋಟೆಲ್ ಅಲ್ಲೇ ಇತ್ತು, ಪ್ಯಾಕೆಟ್ ದೇಶವೆಲ್ಲಾ ಸುತ್ತಿತು. 2007ರಲ್ಲಿ ಆ ಪ್ಯಾಕೆಟ್ ಕಂಪನಿಯನ್ನ ನಾರ್ವೆಯ ಓರ್ಕ್ಲಾ ಕೊಂಡಿತು, ಹೋಟೆಲ್ ಕುಟುಂಬದ ಹತ್ತಿರವೇ ಉಳೀತು. ಆ ಹೋಟೆಲ್ ಸಿಂಗಾಪುರಕ್ಕೆ ಹೋಗಿದ್ದು 2013ರಲ್ಲಿ, ಅಂದರೆ ಸುಮಾರು 90 ವರ್ಷದ ಅನುಭವ ಆದಮೇಲೆ.

7. ಬ್ರಾಂಚ್ ತೆರೆಯುವ ಮೊದಲು ಕೇಳಬೇಕಾದ ಪ್ರಶ್ನೆಗಳು

ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹೋಟೆಲ್, ಬೇಕರಿ, ಖಾನಾವಳಿ ಇದೆ. "ನಮ್ಮೂರ ತಿಂಡಿಗೆ ಚೈನ್ ಮಾಡೋಣ" ಅನ್ನೋ ಸ್ಟಾರ್ಟಪ್ ಐಡಿಯಾ ಪ್ರತಿ ಫೆಸ್ಟ್‌ನಲ್ಲೂ ಬರುತ್ತೆ. ಅಂಥವರಿಗೆ ನಾಲ್ಕು ಪ್ರಶ್ನೆ:

ಹೊಸ ಊರಲ್ಲಿ ಕನಿಷ್ಠ ಎರಡು ವರ್ಷ ಮನೆಯವರು ಯಾರು ಹೋಗಿ ಇರ್ತಾರೆ?

ಅಸಲಿಗೆ ದಿನಕ್ಕೆ ಎಷ್ಟು ಪ್ಲೇಟ್ ಹೋಗಬೇಕು? ಆ ರಸ್ತೆಯಲ್ಲಿ ಈಗ ಇರುವ ಹೋಟೆಲಲ್ಲಿ ಎಷ್ಟು ಹೋಗ್ತಿದೆ ಅಂತ ಒಂದು ವಾರ ನಿಂತು ಎಣಿಸಿದ್ದೀರಾ?

ಭಟ್ಟರನ್ನ ಕಳಿಸಿದರೆ ಊರಿನ ಕಾವಲಿ ಮುಂದೆ ಯಾರು ನಿಲ್ತಾರೆ?

ಸೋತರೆ ಹೋಗೋದು ಲಾಭವಾ, ಸೈಟಾ?

ಮಾವ ಸೈಟು ಮಾರಲಿಲ್ಲ. ಬೆಂಗಳೂರಿನ ಯೋಚನೆಯನ್ನೂ ಪೂರ್ತಿ ಬಿಟ್ಟಿಲ್ಲ. ಸದ್ಯಕ್ಕೆ ಚಟ್ನಿ ಪುಡಿ ಪ್ಯಾಕೆಟ್ ಮಾಡಿ ಹತ್ತಿರದ ಅಂಗಡಿಗಳಿಗೆ ಹಾಕ್ತಿದ್ದಾರೆ. ಬೆಳೆಯೋದು ಬೇಡ ಅಂತ ಯಾರೂ ಹೇಳ್ತಿಲ್ಲ. ಆದರೆ ಒಂದು ಹೋಟೆಲ್ ಬೇರೆ ಊರಿಗೆ ಹೋಗಲಿಲ್ಲ ಅಂದರೆ ಅದು ಹಿಂದೆ ಉಳೀತು ಅಂತ ಅರ್ಥ ಅಲ್ಲ. ಆ ರುಚಿ ಬೇಕು ಅಂದರೆ ನಾವೇ ಬಸ್ ಹತ್ತಬಹುದು. ರಜಾಕ್ಕೆ ದಾವಣಗೆರೆ ಕಡೆಯವರು ಊರಿಗೆ ಹೊರಟರೆ ಅವರ ಜೊತೆ ನೀವೂ ಒಂದು ಸಲ ಹೋಗಿ ಬನ್ನಿ. ತಿನ್ನುವಾಗ ತಟ್ಟೆ ಮಾತ್ರ ಅಲ್ಲ, ಗಲ್ಲಾ ಮೇಲೆ ಯಾರು ಕೂತಿದ್ದಾರೆ, ಒಲೆಗೆ ಏನು ಉರೀತಿದೆ, ಯಾರು ಏನಂತ ಬೈತಿದ್ದಾರೆ ಅಂತಲೂ ನೋಡಿ.